ಝೀರೋ ನೋಡಿ ಸಾರ್

(ಬೆಂಗಳೂರಿನ ಒಂದು ಬಂಕ್. ಸ್ಕೂಟರ್, ಹಿಂದೆ ಹೆಂಡತಿ, ಆಕೆಯ ಮಡಿಲಲ್ಲಿ ತರಕಾರಿ ಚೀಲ.)

"ಝೀರೋ ನೋಡಿ ಸಾರ್. ಎಷ್ಟಕ್ಕೆ?"

"ನೂರಕ್ಕೆ ಹಾಕಪ್ಪ. ಯಾವತ್ತೂ ನೂರಕ್ಕೇ. ರೇಟು ಏರಿದ್ರೂ ನಂಗೆ ತಾಗೋದೇ ಇಲ್ಲ!"

"2021ಕ್ಕೆ ಮುಂಚೆ ನೂರಕ್ಕೆ ಲೀಟರ್ ಮೇಲೇ ಬರ್ತಿತ್ತು. ಈಗ ಲೀಟರೂ ತುಂಬಲ್ಲ. ಅದರಲ್ಲೂ ಶೇಕಡ 20 ಎಥನಾಲ್."

"ಕಬ್ಬಿಂದು ತಾನೆ? ಮಂಡ್ಯದೋರಿಗೆ ಒಳ್ಳೇದಾಗ್ಲಿ."

"ಮೈಲೇಜು ಇಳಿಯುತ್ತೆ ಸಾರ್."

"ಷೋರೂಮಿನವನು ಅರವತ್ತು ಕೊಡುತ್ತೆ ಅಂದಿದ್ದ."

"ಸಿಲ್ಕ್ ಬೋರ್ಡ್ ಸಿಗ್ನಲ್ ಇಲ್ಲದ ಲೋಕದಲ್ಲಿ ಕೊಡುತ್ತೆ."

"ಅದಕ್ಕೇ ಇಳಿಜಾರಲ್ಲಿ ಎಂಜಿನ್ ಆಫ್ ಮಾಡ್ತೀನಿ."

"ಏರು ಬಂದ್ರೆ?"

"ಇವಳನ್ನ ಇಳಿಸ್ತೀನಿ."

(ಇದಕ್ಕೆ ಉಳಿತಾಯ ಅಂತಾರೆ, ದಾಂಪತ್ಯ ಅಂತಲೂ ಅಂತಾರೆ.)

"ರೀ, ಏರಿನ ತನಕ ಯಾಕೆ? ಇಲ್ಲೇ ಇಳೀತೀನಿ. ಶಕ್ತಿ ಯೋಜನೆ ಬಸ್ಸು ಬಂತು, ನಂಗೆ ಫ್ರೀ. ಚೀಲ ನೀವೇ ತನ್ನಿ."