ಬಾಲ ಅಲ್ಲಾಡಿಸಿದ್ರ ಸಹಿ ಮಾಡಿದಂಗಲ್ರಿ

ಪುಣೆಯ ಬಾಣೇರ್‌ನ ಒಂದು ಹೌಸಿಂಗ್ ಸೊಸೈಟಿ, ಹನ್ನೊಂದನೇ ಮಹಡಿ. ಬಾಗಲಕೋಟೆ ಕಡೆಯ ದಂಪತಿ ಹಿಂಜವಡಿಯ ಆಫೀಸಿಗೆ ಹೋಗಿದ್ದರು. ಊರಿನಿಂದ ಬಂದಿದ್ದ ಆಯಿ ಬಾಗಿಲು ತೆಗೆದು, ‘ಮಾತಾಡ್ರಿ, ನಾ ಒಂದೀಟು ಅಡ್ಡ ಆಗ್ತೀನಿ’ ಎಂದು ಒಳಗೆ ಹೋದರು. ನಾಯಿ ಹತ್ತಕೂಡದೆಂದು ಕಟ್ಟಪ್ಪಣೆಯಿರುವ ಸೋಫಾದ ಮೇಲೆ ನಾಲ್ಕು ವರ್ಷದ ಮುಧೋಳ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಇಳಿದು ಬಂದು ನನ್ನ ಪ್ಯಾಂಟು, ಚೀಲ, ಬೆರಳ ತುದಿ ಎಲ್ಲವನ್ನೂ ಸಾವಕಾಶವಾಗಿ ಮೂಸಿತು. ನಾನು ತಿಂದ ತಿಂಡಿ, ಬಂದ ದಾರಿ, ಮುಟ್ಟಿದ ಬೆಕ್ಕು ಇಷ್ಟನ್ನೂ ದಾಖಲಿಸಿಕೊಂಡ ಮೇಲೆ ಮತ್ತೆ ಸೋಫಾ ಏರಿ ಮಾತಿಗೆ ಕುಳಿತಿತು. ಅದರ ಭಾಷೆಯನ್ನು ನಾನು ತಿದ್ದಿಲ್ಲ.

ನಾನು: ನಿಮ್ಮ ಶುಭನಾಮ?

ನಾಯಿ: ಮಹಾನಗರಪಾಲಿಕೆ ಲೈಸೆನ್ಸಿನಾಗ ‘ಚೋಕೋ’ ಅಂತ ಐತ್ರಿ. ಮೈಬಣ್ಣ ನೋಡಿ ಅಕ್ಕಾರು ಇಟ್ಟ ಹೆಸರು. ಚಾಕಲೇಟು ನಮಗ ವಿಷ, ಅದರಾಗಿನ ಥಿಯೋಬ್ರೊಮಿನ್ ನಮ್ಮ ಮೈಯಾಗ ಲಗೂನ ಕರಗೂದಿಲ್ಲ. ಕರದಾಗೊಮ್ಮೆ ವಿಷದ ಹೆಸರಿಗೆ ಓಡಿ ಬರಬೇಕು. ಊರಾಗ ಹೊಲದ ಮನ್ಯಾಗ ‘ಸರದಾರ’ ಅಂತಿದ್ರು.

ನಾನು: ಮುಧೋಳ ಅಂದರೆ ದೊಡ್ಡ ಮನೆತನ.

ಚೋಕೋ: ಮನೆತನಕ್ಕೇನು ಕಮ್ಮಿ ಇಲ್ರಿ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ನಮ್ಮ ಮುತ್ಯಾನ ಕಾಲದ ಒಂದು ಜೋಡಿ ಐದನೇ ಜಾರ್ಜ್ ದೊರಿಗೆ ಕಾಣಿಕಿ ಕೊಟ್ಟಿದ್ರು ಅಂತಾರ. 2005ರಾಗ ಅಂಚೆ ಇಲಾಖಿಯವರು ನಮ್ಮ ಚಿತ್ರದ ಸ್ಟ್ಯಾಂಪ್ ತಂದ್ರು. 2016ರಾಗ ನಮ್ಮ ಮಂದಿ ಮೀರತ್‌ಗೆ ಹೋಗಿ ಸೈನ್ಯದ ತರಬೇತಿ ತಗೊಂಡ್ರು. ತಿಮ್ಮಾಪುರದಾಗ ನಮ್ಮ ಸಲುವಾಗೇ ಬೀದರಿನ ಪಶು ವಿಶ್ವವಿದ್ಯಾಲಯದ ಕೇಂದ್ರ ಐತಿ. ನಾ ಮಾತ್ರ ಇಲ್ಲಿ ಕುಂತು ಡೆಲಿವರಿ ಹುಡುಗೂರನ್ನ ಎಣಸಾಕತ್ತೀನಿ.

ನಾನು: ಮಹಾರಾಷ್ಟ್ರದಲ್ಲಿ ನಿಮ್ಮನ್ನು ಕಾರವಾನ್ ಹೌಂಡ್ ಅಂತಾರಲ್ಲ?

ಚೋಕೋ: ಕೆನಲ್ ಕ್ಲಬ್ ಆಫ್ ಇಂಡಿಯಾದ ದಫ್ತರದಾಗೂ ಹಂಗ ಐತಿ. ಗಡಿ ತಂಟೆ ನೋಡ್ರಿ. ಬೆಳಗಾವಿ ಯಾರದು ಅಂತ ಮಹಾಜನ ಆಯೋಗ 1967ರಾಗ ವರದಿ ಕೊಟ್ಟಿತು, ನಾಯಿ ಯಾರದು ಅಂತ ಯಾರೂ ಕೇಳಲಿಲ್ಲ. ರೊಟ್ಟಿ ಹಾಕಿದವರ ರಾಜ್ಯ ನಂದು.

ನಾನು: ಕ್ಷಮಿಸಿ, ಆದರೆ ನಿಮ್ಮ ಪಕ್ಕೆಲುಬು ಎಣಿಸಬಹುದು. ಮನೆಯವರು ಸರಿಯಾಗಿ ಊಟ ಹಾಕುವುದಿಲ್ಲವೆ?

ಚೋಕೋ: ನೀವೂ ಅಂದ್ರಲ್ಲ! ಎದುರು ಮನಿಯವರು ‘ನಾಯಿ ಉಪಾಸ ಕೆಡವ್ಯಾರ’ ಅಂತ ವಾಟ್ಸಾಪಿನಾಗ ಫೋಟೋ ಹಾಕಿದ್ರು. ಕಣ್ಣಿಂದ ಬೇಟೆ ಹಿಡಿದು ಬೆನ್ನಟ್ಟೋ ಜಾತಿ ನಮ್ದು. ಎದಿ ಆಳ, ಸೊಂಟ ಸಣ್ಣದು, ಕಡೀ ಎರಡು ಮೂರು ಎಲುಬು ಕಂಡ್ರನ ಮೈ ನೆಟ್ಟಗ ಐತಿ ಅಂತ ಅರ್ಥ. ಫೋಟೋ ಹಾಕಿದವರ ಲ್ಯಾಬ್ರಡಾರ್ ಐತಲ್ಲ, ಅದಕ್ಕ ಸೊಂಟ ಎಲ್ಲಿ ಐತಿ ಅಂತ ಡಾಕ್ಟರ್ ಹುಡುಕ್ಯಾಡಿ ಸುಸ್ತಾದ್ರು. ಅದು ‘ಮುದ್ದಾಗಿ’ ಕಾಣತೈತಂತ, ಮೊಳಕಾಲು ನೋವಿಗೆ ಗುಳಿಗಿ ತಿಂತೈತಿ. ನಮ್ಮಂಥ ಒಣಮೈಯವರಿಗೆ ಇನ್ನೊಂದು ಫಜೀತಿ ಐತಿ. ಆಪರೇಷನ್ನಿನ್ಯಾಗ ಥಯೋಪೆಂಟಾಲ್‌ನಂಥ ಮತ್ತಿನ ಔಷಧ ಕೊಟ್ರ ಲಗೂ ಇಳಿಯೂದಿಲ್ಲ. ನಾಯಿ ಯಾವ ಜಾತಿ ಅಂತ ಡಾಕ್ಟರಿಗೆ ಮೊದಲ ಹೇಳಬೇಕು. ಇದನ್ನ ಯಾರೂ ವಾಟ್ಸಾಪಿನಾಗ ಹಾಕೂದಿಲ್ಲ.

ನಾನು: ನಿಮ್ಮ ಯಜಮಾನರು ಫೋನಿನಲ್ಲಿ ಹೇಳಿದರು, ‘ತಪ್ಪು ಮಾಡಿದರೆ ಅದಕ್ಕೇ ಗೊತ್ತಾಗತ್ತೆ, ಮುಖ ನೋಡಿದರೆ ಸಾಕು’ ಅಂತ.

ಚೋಕೋ: (ಎದ್ದು ಕುಳಿತು) ಆ ಮುಖದ ವಿಷಯ ಬಂತೇನು? ಹಂಗಾರ ಪೂರಾ ಬರಕೋರಿ. ಹೋದ ವಾರ ಇದ ಸೋಫಾದ ದಿಂಬು ಹರೀತು. ಹರದಾಂವ ನಾನ, ಸುಳ್ಳ ಯಾಕ ಹೇಳ್ಲಿ. ಮುಂಜಾನೆ ಇವರು ಹೊರಬಿದ್ದ ಮ್ಯಾಲ ಹರದೆ, ಹತ್ತಿ ತೆಗದೆ, ಮೂಸಿದೆ, ಮರತೆ. ಸಂಜಿಮುಂದ ಸಾಹೇಬ್ರು ಬಾಗಲಾ ತೆಗದ್ರು. ಮೊದಲ ನೆಲ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು. ಹುಬ್ಬು ಗಂಟಾತು, ಉಸಿರು ಜೋರಾತು, ಬೆವರಿನ ವಾಸನಿ ಬದಲಾತು. ನಾ ಕಿವಿ ಮಡಚಿದೆ, ತಲಿ ತಗ್ಗಿಸಿದೆ, ಕಣ್ಣು ಓರೆ ಮಾಡಿದೆ. ‘ನೋಡು, ಕಬೂಲ್ ಮಾಡ್ತು!’ ಅಂದ್ರು. ನಾ ಕಬೂಲ್ ಮಾಡಿದ್ದು ಅವರ ಸಿಟ್ಟು. ದಿಂಬಿನ ಮಾತು ನನ್ನ ತಲ್ಯಾಗ ಇದ್ದಿದ್ದಿಲ್ಲ.

ನ್ಯೂಯಾರ್ಕಿನಾಗ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅಂತ ಒಬ್ಬ ಅಕ್ಕಾರು 2009ರಾಗ ಇದನ್ನ ಪರೀಕ್ಷಾ ಮಾಡಿ ಬರದಾರ. ನಾಯಿ ಮುಂದ ತಿನಿಸು ಇಟ್ಟು, ‘ತಿನಬ್ಯಾಡ’ ಅಂತ ಮಾಲಕರ ಕಡಿಂದನ ಹೇಳಿಸಿ, ಅವರನ್ನ ಹೊರಗ ಕಳಿಸೋದು. ತಿರುಗಿ ಬಂದಾಗ ‘ನಿಮ್ಮ ನಾಯಿ ತಿಂದೈತಿ’ ಅಂತ ಕೆಲವ್ರಿಗೆ ಖರೇ, ಕೆಲವ್ರಿಗೆ ಸುಳ್ಳ ಹೇಳೋದು. ನಾಯಿ ತಿಂದಿತ್ತೋ ಇಲ್ಲೋ ಅನ್ನೂದಕ್ಕೂ ಅದರ ಪಾಪದ ಮುಖಕ್ಕೂ ಸಂಬಂಧನ ಸಿಗಲಿಲ್ಲ. ಬೈಸ್ಕೊಂಡಾವು ಆ ಮುಖ ಮಾಡಿದ್ವು. ಏನೂ ತಿನ್ನದ ಬೈಸ್ಕೊಂಡ ಬಡಪಾಯಿಗಳು ಎಲ್ಲಾರಕಿಂತ ಹೆಚ್ಚು ಮಾಡಿದ್ವು! ಅಪ್ರೈಸಲ್ ದಿವಸ ಮ್ಯಾನೇಜರ್ ಮುಂದ ನಮ್ಮ ಸಾಹೇಬ್ರು ಮಾಡೋದೂ ಅದ ಮುಖ. ಅವರೇನು ಪಾಪ ಮಾಡಿರ್ತಾರ?

ನಾನು: ಅದಿರಲಿ, ದಿಂಬು ಹರಿದದ್ದು ಯಾಕೆ?

ಚೋಕೋ: ಬ್ಯಾಸರ. ಮೊಲದ ಬೆನ್ನ ಹತ್ತಿ ಓಡಾಕ ಹುಟ್ಟಿದ ಕಾಲು ಇವು. ಮುಂಜಾನೆ ಪಾರ್ಕಿಂಗಿನ ಸುತ್ತ ಒಂದು ಸುತ್ತು, ಅದೂ ಸಾಹೇಬ್ರು ಫೋನಿನಾಗ ಮೀಟಿಂಗ್ ಮಾಡ್ಕೋತ. ನಾ ಒಂದು ಗಿಡದ ಬುಡ ಮೂಸಾಕ ಸುರು ಮಾಡಿದ್ರ ಸಾಕು, ಹಗ್ಗ ಜಗ್ಗತಾರ. ಅಡ್ಡಾಡೂದು ಅವರ ಹೊಟ್ಟಿ ಕರಗಸಾಕಲ್ರಿ, ನಾ ಮೂಗಿಲೆ ಊರು ತಿಳಕೊಳ್ಳಾಕ. ಕಾಲು ದಣೀಲಿಲ್ಲ ಅಂದ್ರೂ ನಡೀತೈತಿ, ಮೂಗು ದಣಿದ್ರ ನಾ ಮಧ್ಯಾಹ್ನ ಮಲಗತೀನಿ, ದಿಂಬೂ ಬದುಕತೈತಿ.

ನಾನು: ಪುಣೆಯಲ್ಲಿ ಟೇಕಡಿ ಅನ್ನುವ ಗುಡ್ಡಗಳಿವೆಯಲ್ಲ! ವೇತಾಳ ಟೇಕಡಿಗೆ ಹೋಗಿ ಹಗ್ಗ ಬಿಚ್ಚಿಬಿಟ್ಟರೆ?

ಚೋಕೋ: ನಿಮಗ ನಮ್ಮ ಸಾಹೇಬ್ರ ಮ್ಯಾಲ ಸಿಟ್ಟೈತೇನು? ಅಲ್ಲಿ ನವಿಲು ಅದಾವ. ಏನರ ಓಡಿದ್ದು ಕಣ್ಣಿಗೆ ಬಿತ್ತಂದ್ರ ನನ್ನ ಕಿವಿ ಬಂದ್ ಆಕ್ಕಾವು, ಚೋಕೋ ಅಂದ್ರೂ ಇಲ್ಲ, ಸರದಾರ ಅಂದ್ರೂ ಇಲ್ಲ. ನವಿಲು ಹಿಡಿಯೋದು ನಾನು, 1972ರ ವನ್ಯಜೀವಿ ಕಾಯ್ದೆಯಾಗ ಕೇಸು ಬೀಳೋದು ಅವರಿಗೆ. ಬೇಲಿ ಇರೋ ಬಯಲು ಹುಡುಕಬೇಕು, ಇಲ್ಲಾಂದ್ರ ಉದ್ದನ ಹಗ್ಗ ಹಾಕಬೇಕು.

ನಾನು: ನಾನು ಬಂದಾಗ ನೀವು ಬಾಲ ಅಲ್ಲಾಡಿಸಿದಿರಿ. ಖುಷಿಯಾಯಿತು.

ಚೋಕೋ: ಖುಷಿ ನಿಮ್ದು. ಬಾಲ ಅಲ್ಲಾಡಿಸಿದ್ರ ಸಹಿ ಮಾಡಿದಂಗಲ್ರಿ. ಮೈಯೆಲ್ಲಾ ಬಳಕಿಸಿ ಸಡ್ಲಾಗಿ ಆಡಿದ್ರ ಪ್ರೀತಿ. ಬಾಲ ಮ್ಯಾಲ ನೆಟ್ಟಗ ನಿಂತು, ಮೈ ಬಿಗಿಯಾಗಿ, ತುದಿ ಅಷ್ಟ ಪಟಪಟ ಅಂದ್ರ ‘ಅಲ್ಲೇ ನಿಂದ್ರು’ ಅಂತ. ಇಟಲಿಯವರು 2007ರಾಗ ಅಳದು ನೋಡ್ಯಾರ: ಮಾಲಕನ ಕಂಡ್ರ ಬಾಲ ಬಲಕ್ಕ ಹೆಚ್ಚು ಹೊರಳತೈತಿ, ಜಬರದಸ್ತ್ ಅಪರಿಚಿತ ನಾಯಿ ಕಂಡ್ರ ಎಡಕ್ಕ. ನೀವು ಬಂದಾಗ ಯಾವ ಕಡೆ ಹೊರಳಿತ್ತು, ನೋಡಿದ್ರೇನು?

(ನೋಡಿರಲಿಲ್ಲ.)

ಚೋಕೋ: ಮತ್ತ, ನಿದ್ದಿ ಇಲ್ಲದ ಆಕಳಿಸಿದ್ರ, ಊಟ ಇಲ್ಲದ ತುಟಿ ನೆಕ್ಕಿದ್ರ, ಮಾರಿ ಆ ಕಡೆ ತಿರುವಿ ಕಣ್ಣಿನ ಬಿಳಿ ತೋರಿಸಿದ್ರ ‘ಸಾಕ್ರೀ ಮಾರಾಯ್ರ’ ಅಂತ. ಹುಟ್ಟುಹಬ್ಬದ ದಿವಸ ನನಗ ಟೊಪ್ಪಿಗಿ ಹಾಕಿ, ಕೇಕಿನ ಮುಂದ ಕುಂದ್ರಿಸಿ, ಮಂದಿ ಹುಡುಗೂರೆಲ್ಲ ಕೊಳ್ಳಿಗೆ ಬಿದ್ದು ಫೋಟೋ ತಗೊಂಡ್ರು. ಎಲ್ಲಾ ಫೋಟೋದಾಗ ನಾ ಆಕಳಿಸಾಕತ್ತೀನಿ. ಕೆಳಗ ಅಕ್ಕಾರು ಬರದಾರ: ‘ನಗತಿರೋ ನಮ್ಮ ಚೋಕೋ’. ಹೊರಗಿನವರು ಮೈ ಮುಟ್ಟೋದು ನಮ್ಮ ಜಾತಿಗೆ ಮೊದಲ ಆಗಿಬರೂದಿಲ್ಲ. ಒಬ್ಬ ಹುಡುಗನಿಗೆ ಸಣ್ಣಗ ಗುರ್ ಅಂದೆ. ‘ಗುರ್ ಅನಬಾರ್ದು!’ ಅಂತ ಮೂಗಿನ ಮ್ಯಾಲ ಏಟು ಬಿತ್ತು. ಗುರ್ ಅನ್ನೋದು ಕಚ್ಚೋಕಿಂತ ಮೊದಲ ಕೊಡೋ ನೋಟಿಸು. ನೋಟಿಸ್ ಕೊಡೋದನ್ನ ಬಡದು ಬಿಡಿಸಿ, ಆಮ್ಯಾಲ ‘ಹೇಳದ ಕೇಳದ ಕಚ್ಚಿತು’ ಅಂತ ಟಿವಿಯವರ ಮುಂದ ಅಳತಾರ.

ನಾನು: ಊಟೋಪಚಾರ ಹೇಗೆ?

ಚೋಕೋ: ಆಯಿ ಬಂದಾಗ ಜ್ವಾಳದ ರೊಟ್ಟಿ ಮುರದು ಮಜ್ಜಿಗ್ಯಾಗ ನೆನಸಿ, ಒಂದು ತತ್ತಿ ಕುದಿಸಿ ಹಾಕತಾರ. ಆಯಿ ನನ್ನ ಒಮ್ಮೆನೂ ‘ಬೇಬಿ’ ಅಂದಿಲ್ಲ, ದೇವರ ಕ್ವಾಣಿಗೆ ಕಾಲಿಡಾಕ ಬಿಟ್ಟಿಲ್ಲ, ಉಣ್ಣೂ ಮುಂದ ತಾಟಿಗೆ ಕೈ ಹಾಕಿಲ್ಲ. ಅಕ್ಕಾರದು ಎಲ್ಲಾ ಪ್ರೀತಿ. ತಾವು ತಿನ್ನೋ ಕಾಂದೆ ಪೋಹೆ ನನಗೂ ಒಂದು ತುತ್ತು. ಅದರಾಗಿನ ಉಳ್ಳಾಗಡ್ಡಿ, ಹಂಗ ಬಳ್ಳೊಳ್ಳಿ ನಮ್ಮ ರಕ್ತದ ಕೆಂಪು ಕಣ ಒಡೀತಾವ. ಊರಿಂದ ಬಂದ ವಿಜಾಪುರದ ಒಣದ್ರಾಕ್ಷಿ ಕಿಡ್ನಿಗೆ ಹೊಡತ. ಕುದಿಸಿದ ಎಲುಬು ಚೂರಾಗಿ ಕರಳಿಗೆ ಚುಚ್ಚತಾವ. ಒಮ್ಮೆ ನಾ ಕುಂಟಿದ್ದಕ್ಕ ಸಾಹೇಬ್ರು ತಮ್ಮ ಬೆನ್ನುನೋವಿನ ಐಬುಪ್ರೊಫೆನ್ ಅರ್ಧ ಮುರದ್ರು. ಅದು ನಮ್ಮ ಹೊಟ್ಟಿಗೆ ಹುಣ್ಣು, ಕಿಡ್ನಿಗೆ ಕುತ್ತು. ಪುಣ್ಯಕ್ಕ ಆಯಿ ಕೈಯಾಂದು ಕಸ್ಕೊಂಡು, ಕಾಲು ಎತ್ತಿ ನೋಡಿ, ಬೆರಳಸಂದ್ಯಾಗಿಂದ ಒಂದು ಉಣ್ಣಿ ಕಿತ್ತು ತೆಗದ್ರು. ಅಷ್ಟ ಇತ್ತು. ಆಮ್ಯಾಲ ಡಾಕ್ಟರು ಉಣ್ಣಿಜ್ವರ ಐತೇನಂತ ರಕ್ತ ನೋಡಿದ್ರು.

ನಾನು: ಲಸಿಕೆ?

ಚೋಕೋ: ಮೂರು ತಿಂಗಳಿಗೆ ರೇಬೀಸ್ ಸೂಜಿ, ಆಮ್ಯಾಲ ವರ್ಷಾ ವರ್ಷಾ. ತಪ್ಪಿಸಿಲ್ಲ. ನನ್ನ ಕಾರ್ಡು ನೆಟ್ಟಗ ಐತಿ. ನಾಯಿ ಕಚ್ಚಿದವರು ಮಾತ್ರ ಇನ್ನೂ ಖಾರಪುಡಿ, ಅರಿಶಿಣ ಮೆತ್ತಕೋತಾರ. ಹದಿನೈದು ನಿಮಿಷ ಸೋಪು ನೀರಿಲೆ ತೊಳದು ಸೀದಾ ದವಾಖಾನಿಗೆ ಹೋಗಬೇಕು. ರೇಬೀಸ್ ಲಕ್ಷಣ ಒಮ್ಮೆ ಕಂಡ ಮ್ಯಾಲ ಯಾವ ದವಾಖಾನಿಯೂ ಬರಕತ್ತಾಗೂದಿಲ್ಲ.

ನಾನು: ಇಲ್ಲಿನ ಗಣೇಶೋತ್ಸವ ನೋಡಿದ್ದೀರಾ? ಢೋಲ್-ತಾಶಾ ಕೇಳುವುದೇ ಭಾಗ್ಯ ಅಂತಾರೆ.

ಚೋಕೋ: ನಿಮ್ಮ ಕಿವಿಗೆ ಕೇಳಿಸೋದರ ಎರಡು ಪಟ್ಟಿಗಿಂತ ಹೆಚ್ಚು ಏರುದನಿ ನಮಗ ಕೇಳಸತೈತಿ. ವಿಸರ್ಜನಿ ಮೆರವಣಿಗಿ ಇಲ್ಲಿ ಒಂದು ಹಗಲು ಒಂದು ರಾತ್ರಿಗೂ ಮುಗಿಯೂದಿಲ್ಲ. ನಾ ಮಂಚದ ಬುಡಕ ಹೋಗಿ ನಡಗತಿದ್ರ ಸಾಹೇಬ್ರು ‘ಹೆದರಬಾರ್ದು, ನೀ ಮುಧೋಳದಾಂವ’ ಅಂತ ಬಾಲ್ಕನಿಗೆ ಎಳೀತಾರ. ಖಿಡಕಿ ಹಾಕಿ, ಪರದೆ ಎಳದು, ಮಂಚದ ಬುಡಕ ಒಂದು ಕೌದಿ ಒಗದು ಸುಮ್ಮನ ಬಿಟ್ರ ಸಾಕಿತ್ತು. ಗಣಪ್ಪಗೂ ಇಲಿಗೂ ಏನನಸತೈತೋ, ಅವರ ಸಂದರ್ಶನ ಬ್ಯಾರೆ ಮಾಡ್ರಿ.

ನಾನು: ಸೊಸೈಟಿಯವರ ಜೊತೆ ಸಂಬಂಧ?

ಚೋಕೋ: ಲಿಫ್ಟಿನ ಬಾಜೂಕ ಪುಣೇರಿ ಪಾಟಿ, ಅಂದ್ರ ಚುಚ್ಚುಮಾತಿನ ಬೋರ್ಡು, ಹಚ್ಚ್ಯಾರ: ‘ಇಲ್ಲಿ ಮನುಷ್ಯರಿಗೆ ಮಾತ್ರ ಪ್ರವೇಶ. ತಾವು ಮನುಷ್ಯರು ಎಂಬುದಕ್ಕೆ ನಡವಳಿಕೆಯೇ ಪುರಾವೆ.’ ಬರದಾಂವ ಶ್ಯಾಣ್ಯಾ, ಒಪ್ಪಿದೆ. ಆದ್ರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಾಗ ಹೇಳೈತಿ, ಸಾಕಿದ ನಾಯಿಗೆ ಲಿಫ್ಟ್ ಬಂದ್ ಮಾಡಾಕ ಬರೂದಿಲ್ಲ ಅಂತ. ಹೊಲಸು ಎತ್ರಿ ಅಂತ ಮಾಲಕರಿಗೂ ಹೇಳೈತಿ. ನಮ್ಮ ಸಾಹೇಬ್ರಿಗೆ ಮೊದಲಿನ ಕಲಮು ಬಾಯಿಪಾಠ, ಎರಡನೇದು ಬಂದಾಗ ಫೋನ್ ಬರತೈತಿ. ಸೊಸೈಟಿಯವರದು ಇದರ ಉಲ್ಟಾ.

ನಾನು: ಕೆಳಗಿನ ಮಹಡಿಯಲ್ಲಿ ಹಸ್ಕಿ ಇದೆಯಂತೆ?

ಚೋಕೋ: ಪಾಪ, ಸೈಬೀರಿಯಾದ ತುಪ್ಪಳಾ ಹೊತ್ಕೊಂಡು ಏಪ್ರಿಲ್ ತಿಂಗಳು ಇಲ್ಲಿ ಕಳೀತೈತಿ. ದಿನಾ ಹದಿನಾಲ್ಕು ತಾಸು ಎಸಿ. ವಿದ್ಯುತ್ ಬಿಲ್ ಬಂದ ದಿವಸ ಅದಕ್ಕೂ ಒಂದು ಪಾಪದ ಮುಖ ಮಾಡಬೇಕಾಗತೈತಿ. 2003ರಾಗ ಹಚ್ ಮೊಬೈಲಿನ ಜಾಹೀರಾತು ನೋಡಿ ಮಂದಿ ಪಗ್ ತಂದ್ರು, 2022ರಾಗ ‘777 ಚಾರ್ಲಿ’ ನೋಡಿ ಲ್ಯಾಬ್ ತಂದ್ರು. ಆ ಪಿಚ್ಚರಿನಾಗ ನಾಯಿ ಮಾರೋ ಧಂದೆ ಮಾಡೋ ಅನಾಹುತನೂ ಐತಿ, ಅಷ್ಟೊತ್ತಿಗೆ ಇವರು ಪಾಪ್‌ಕಾರ್ನ್ ತರಾಕ ಹೋಗಿದ್ರು ಅಂತ ಕಾಣತೈತಿ.

ನಾನು: ನಿಮ್ಮ ಆದರ್ಶ? ಧರ್ಮರಾಯನ ಹಿಂದೆ ಹೋದ ನಾಯಿ ಇರಬೇಕು.

ಚೋಕೋ: ಅದು ಕಡೀಕ ವೇಷ ಕಳಚಿ ಯಮಧರ್ಮ ಆತು, ನಾಯಿಯಾಗಿ ಉಳೀಲಿಲ್ಲ. ನನಗ ಕಾಳಿ ಬೇಕು. ಮದ್ದೂರು ಸೀಮಿ ಆತಕೂರಿನ ಶಾಸನದಾಗ ಐತಿ, ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧ ಗೆದ್ದ ಮ್ಯಾಲ ಮಣಲೇರ ಅನ್ನೋ ವೀರನಿಗೆ ದೊರಿ ‘ಏನು ಬೇಕು, ಕೇಳು’ ಅಂದ. ಊರು ಕೇಳಬಹುದಿತ್ತು, ಬಂಗಾರ ಕೇಳಬಹುದಿತ್ತು. ‘ಕಾಳಿ ಅನ್ನೋ ನಾಯಿ ಕೊಡ್ರಿ’ ಅಂದ. ಕಾಳಿ ಹಂದಿ ಜೋಡಿ ಕಾದಾಡಿ ಸತ್ತಿತು, ಹಂದಿನೂ ಸತ್ತಿತು. ಅದರ ಹೆಸರಿಗೆ ಕಲ್ಲು ನಿಲ್ಲಿಸಿ, ಹೊಲ ಬಿಟ್ಟು, ಪೂಜಿ ಮಾಡದ ಉಂಡ್ರ ಪೂಜಾರಿಗೆ ಪಾಪ ಅಂತ ಕೆತ್ತಿಸಿದ. ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಾಗ ಐತಿ. ಮಣಲೇರನಂಥಾವ್ರು ಈಗಲೂ ಇರಬಹುದು, ಆದ್ರ ಸೊಸೈಟಿ ಚೇರ್ಮನ್ ಆಗೂದಿಲ್ಲ.

ನಾನು: ಇಲ್ಲಿ ಹತ್ತಿರದಲ್ಲೇ ಖಂಡೋಬಾ ದೇವರ ಜೇಜೂರಿ ಇದೆಯಲ್ಲ?

ಚೋಕೋ: ಖಂಡೋಬಾನ ಸಂಗಾಟ ನಮ್ಮಾಂವ ಇರತಾನ. ನಮ್ಮ ಕಡೆ ಮೈಲಾರದಾಗ ಗೊರವಯ್ಯಗಳು ಭಿಕ್ಷಾದ ದೋಣಿಗೆ ಬಾಯಿ ಹಾಕಿ, ನಾಯಿಯಂಗ ಬೊಗಳಿ ಉಂತಾರ, ಮಂದಿ ಅವರ ಕಾಲು ಬೀಳತಾರ. ನಾ ಖರೇನ ಬೊಗಳಿದ್ರ ನೋಟಿಸ್ ಬರತೈತಿ.

(ಲಿಫ್ಟಿನ ಸದ್ದಾಯಿತು. ಚೋಕೋ ಸೋಫಾದಿಂದ ಇಳಿದು, ನೆಲದ ಮೇಲೆ ಹಾಸಿದ್ದ ತನ್ನ ಹಾಸಿಗೆಯಲ್ಲಿ ಇಡೀ ದಿನ ಅಲ್ಲೇ ಇದ್ದವರ ಹಾಗೆ ಮಲಗಿತು.)

ನಾನು: ಸಂದರ್ಶನ ಅಚ್ಚಾದ ಮೇಲೆ ಒಂದು ಪ್ರತಿ ಕಳಿಸಲೆ?

ಚೋಕೋ: ಎರಡು ಕಳಸ್ರಿ. ಕಾಗದ ಸ್ವಲ್ಪ ದಪ್ಪ ಇರ್ಲಿ. ಮುಂಜಾನೆ ಕೆಳಗ ಹೋದಾಗ ಸಾಹೇಬ್ರಿಗೆ ಎತ್ತಾಕ ಬರತೈತಿ.