ಫಸ್ಟ್ ಸೀಸನ್ ಮೇಷ್ಟ್ರು

ಕಂದಾಯ ಇಲಾಖೆಯ ಲೆಕ್ಕದಲ್ಲಿ ನಮ್ಮದು ತುಮಕೂರು ಜಿಲ್ಲೆ. ಶಿಕ್ಷಣ ಇಲಾಖೆಗೆ ಅಷ್ಟು ಸಾಲದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಬೇರೆ ತೆಗೆದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಮಾಡಿಕೊಂಡಿದೆ. ಇಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾದವರು ಸರ್ವೀಸೆಲ್ಲ ಈ ನಾಲ್ಕರೊಳಗೇ ಸುತ್ತಿ, ಕೊನೆಗೆ ಮಧುಗಿರಿಯಲ್ಲಿ ಬೆಟ್ಟ ಕಾಣುವಂತೆ ಮನೆ ಕಟ್ಟಿಸಿ, ಮಹಡಿಗೆ ಕಂಬಿ ಬಿಟ್ಟು ನಿವೃತ್ತರಾಗುತ್ತಾರೆ. ಅಂಥವರಲ್ಲಿ ಒಂದು ಪಂಗಡವನ್ನು ನೀವೂ ನೋಡಿರುತ್ತೀರಿ. ಯಾವುದೇ ಸಂಗತಿಯ ಮೊದಲ ಭಾಗ ಮಾತ್ರ ಅವರ ಹತ್ತಿರ ಇರುತ್ತದೆ. ಉಳಿದ ಭಾಗಗಳ ಬಗ್ಗೆ ಅಭಿಪ್ರಾಯ ಇರುತ್ತದೆ.

ನಮ್ಮವರ ಹೆಸರು ಬೇಡ, ಫಸ್ಟ್ ಸೀಸನ್ ಮೇಷ್ಟ್ರು ಅಂದರೆ ಆಟೋದವರೂ ಮನೆ ತೋರಿಸುತ್ತಾರೆ. ಅವರ ಹಾಲಿನ ಶೋಕೇಸಿನಲ್ಲಿ ಬೀಳ್ಕೊಡುಗೆಯ ಶೀಲ್ಡಿಗೂ ಚನ್ನಪಟ್ಟಣದ ಗೊಂಬೆಗೂ ನಡುವೆ ಒಂದು ಡಬ್ಬಿ ಕೂತಿದೆ. ಅಮೆರಿಕದ ‘ಫ್ರೆಂಡ್ಸ್’ ಧಾರಾವಾಹಿಯ ಮೊದಲ ಸೀಸನ್, ಡಿವಿಡಿಯಲ್ಲಿ. ನ್ಯೂಜೆರ್ಸಿಯ ಸೋದರಳಿಯ ಒಂದು ಸಲ ಬಂದಾಗ ಎಲ್ಲರಿಗೂ ವಿಟಮಿನ್ ಮಾತ್ರೆ ಕೊಟ್ಟು, ಇಂಗ್ಲಿಷ್ ಮೇಷ್ಟ್ರಾದ ಮಾವನಿಗೆ ಇದನ್ನು ಕೊಟ್ಟ. ಮುಂದಿನ ಸಲ ಬರುವಾಗ ಎರಡನೆಯದು ತರುತ್ತೇನೆ ಅಂದ. ಆಮೇಲೆ ಅವನಿಗೆ ಗ್ರೀನ್ ಕಾರ್ಡಿನ ತಾಪತ್ರಯ ಶುರುವಾಗಿ, ಬರುವುದೇ ನಿಂತುಹೋಯಿತು.

ಡಬ್ಬಿ ಬಂದ ದಿನ ಪ್ಲೇಯರಿಗೆ ಹಾಕಿದರೆ ಅದು ತಟ್ಟೆಯನ್ನು ಹೊರಕ್ಕೆ ತಳ್ಳಿತು. ಡಿವಿಡಿ ಕಂಪನಿಗಳು ಭೂಮಂಡಲವನ್ನು ವಲಯಗಳಾಗಿ ಹಂಚಿಕೊಂಡಿದ್ದವಲ್ಲ; ಅಮೆರಿಕ ಒಂದನೇ ವಲಯ, ಇಂಡಿಯಾ ಐದನೆಯದು. ಒಂದರ ಡಿಸ್ಕು ಐದರ ಪ್ಲೇಯರಿನಲ್ಲಿ ಓಡಬಾರದು. ಮೇಷ್ಟ್ರು ಬ್ಲಾಕ್ ಮಟ್ಟದಿಂದ ಜಿಲ್ಲಾ ಮಟ್ಟದವರೆಗೆ ಅರ್ಜಿ ಬರೆದು ಪಳಗಿದವರು. ಆದರೆ ಈ ವರ್ಗಾವಣೆಗೆ ಯಾರಿಗೆ ಬರೆಯುವುದು? ಕೊನೆಗೆ ಶಿರಾದ ಒಬ್ಬ ಟೀವಿ ರಿಪೇರಿ ಹುಡುಗ, ಇವರದೇ ಹಳೇ ಶಿಷ್ಯ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ಹೋದವನು, ರಿಮೋಟಿನಲ್ಲಿ ನಾಲ್ಕು ಅಂಕಿ ಒತ್ತಿ ಪ್ಲೇಯರನ್ನು ಸರ್ವವಲಯಿ ಮಾಡಿಬಿಟ್ಟ. ಮೇಷ್ಟ್ರು ಅವನ ಬೆನ್ನು ತಟ್ಟಿದರು, ದುಡ್ಡು ಕೊಡಲಿಲ್ಲ.

ಅಲ್ಲಿಂದ ಭಾನುವಾರದ ಪ್ರದರ್ಶನ ಶುರು. ಮೇಷ್ಟ್ರು ಪ್ರತಿ ಕಂತನ್ನೂ ಹಿಂದಿನ ರಾತ್ರಿ ಒಬ್ಬರೇ ನೋಡಿ ಪರಿಶೀಲಿಸುತ್ತಿದ್ದರು. ಮಾರನೆಯ ದಿನ ಎಲ್ಲರೆದುರು ಹಾಕಿದಾಗ, ಯಾರಾದರೂ ಯಾರ ಹತ್ತಿರಕ್ಕಾದರೂ ಎರಡು ಹೆಜ್ಜೆ ಸರಿದರೆ ಸಾಕು, ಅವರ ಹೆಬ್ಬೆರಳು ಫಾರ್ವರ್ಡ್ ಗುಂಡಿಯ ಮೇಲೆ ಕೂರುತ್ತಿತ್ತು. ಪ್ರೇಮದ ಧಾರಾವಾಹಿಯಲ್ಲಿ ಪ್ರೇಮ ಅಷ್ಟನ್ನೂ ಓಡಿಸಿ, ಕಾಫಿ ಕುಡಿಯುವುದನ್ನು ಮಾತ್ರ ನಮಗೆ ತೋರಿಸಿದರು. ಮಧುಗಿರಿಯ ಅರ್ಧ ಜನಕ್ಕೆ ಅದು ಕಾಫಿ ಹೋಟೆಲಿನ ಕಥೆ ಅಂತಲೇ ಇವತ್ತಿಗೂ ನಂಬಿಕೆ.

ಹಾರಿಸಲು ಬಾರದ ಜಾಗದಲ್ಲಿ ಟಿಪ್ಪಣಿ ಇರುತ್ತಿತ್ತು. ರಾಸ್ ಅನ್ನುವವನ ಹೆಂಡತಿ ಅವನನ್ನು ಬಿಟ್ಟು ಇನ್ನೊಬ್ಬ ಹೆಂಗಸಿನ ಜೊತೆ ಸಂಸಾರ ಹೂಡಿದ್ದಾಳೆ, ಬಸುರಿ ಬೇರೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಬಾಣಂತನಕ್ಕೆ ತವರಿಗೆ ಹೋಗಿದಾಳೆ, ಆಯಮ್ಮ ಅವಳ ಚಿಕ್ಕಮ್ಮ” ಅಂದರು. ಮದುವೆ ಮಂಟಪದಿಂದ ಎದ್ದು ಓಡಿಬರುವ ರೇಚಲ್‌ಗೆ ಮಾತ್ರ ಸಮಜಾಯಿಷಿ ಬೇಕಾಗಲಿಲ್ಲ. ಅಂಥದ್ದು ನಮ್ಮ ಕಲ್ಯಾಣ ಮಂಟಪಗಳಲ್ಲೂ ನಡೆದಿದೆ, ಉಡುಪು ಬೇರೆ ಅಷ್ಟೆ.

ಮೇಷ್ಟ್ರ ಮನೆಯವರು ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದರು.

“ರೀ, ಅದ್ಯಾರು ಹಿಂದೆ ಅಷ್ಟೊಂದು ನಗ್ತಿರೋದು?”

“ಪ್ರೇಕ್ಷಕರು ಕಣೇ. ಎದುರಿಗೆ ಜನ ಕೂರಿಸಿಕೊಂಡೇ ಶೂಟಿಂಗ್ ಮಾಡ್ತಾರೆ.”

“ಅಷ್ಟು ಜನ ಎದುರಿಗೆ ಕೂತಿದ್ರೆ ಪ್ರೀತಿ ಪ್ರೇಮ ಹ್ಯಾಗ್ರೀ ಆಗುತ್ತೆ? ನಮ್ಮನೇಲಿ ನಿಮ್ಮಮ್ಮ ಒಬ್ರೇ ಇದ್ದಿದ್ದು.”

ರಾಸ್ ಸಾಕಿದ ಕೋತಿಯನ್ನು ನೋಡಿ ಆಯಮ್ಮನಿಗೆ ನಗು ಬರಲಿಲ್ಲ. ಸಿದ್ದರಬೆಟ್ಟಕ್ಕೆ ಹೋದಾಗ ಹಣ್ಣುಕಾಯಿ ಚೀಲ ಕಳೆದುಕೊಂಡವರು ಅವರು. ಆದರೆ ಏಳನೇ ಕಂತು ಇಡೀ ಮನೆಯನ್ನು ಗೆದ್ದಿತು. ಅದರಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟ್ ಹೋಗುತ್ತದೆ. ಕಂತು ಪೂರ್ತಿ ಅದೇ ಗಲಾಟೆ! ಪಾವಗಡದಿಂದ ಬಂದಿದ್ದ ಬೀಗರು, “ಒಂದು ರಾತ್ರಿ ಕರೆಂಟ್ ಹೋಗಿದ್ದಕ್ಕೆ ಒಂದು ಕಂತಾದ್ರೆ, ನಮ್ಮೂರಿಗೆ ಎಷ್ಟು ಸೀಸನ್ ಆಗಬೇಕು ಸಾ?” ಅಂತ ಕೇಳಿದರು. ಕತ್ತಲಲ್ಲಿ ರಾಸ್ ಇನ್ನೇನು ಮನಸ್ಸಿನ ಮಾತು ಹೇಳಬೇಕು, ಬೆಕ್ಕೊಂದು ಅವನ ಬೆನ್ನಿಗೆ ಹಾರಿತು; ಸರಿಯಾಗಿ ಆಗಲೇ ನಮ್ಮ ಕರೆಂಟೂ ಹೋಯಿತು. ಈಗ ಅದೇ ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್, 2,050 ಮೆಗಾವಾಟ್. ಬೀಗರು ಆ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.

ಇಪ್ಪತ್ನಾಲ್ಕನೆಯ ಕಂತೇ ಕೊನೆಯದು. ರಾಸ್ ಮೂಳೆ ವಿಜ್ಞಾನಿ, ಯಾವುದೋ ಮೂಳೆಯ ಕೆಲಸಕ್ಕೆ ಚೀನಾಕ್ಕೆ ಹೋಗುತ್ತಾನೆ. ಅವನಿಗೆ ತನ್ನ ಮೇಲೆ ಪ್ರೀತಿ ಅಂತ ರೇಚಲ್‌ಗೆ ಆಗ ತಿಳಿಯುತ್ತದೆ. ಹೂವು ಹಿಡಿದು ಏರ್‌ಪೋರ್ಟಿನಲ್ಲಿ ಕಾಯುತ್ತಾಳೆ. ಅವನು ವಿಮಾನ ಇಳಿದು ಬರುತ್ತಾನೆ, ಜೊತೆಗೊಬ್ಬ ಹುಡುಗಿ. ಅಲ್ಲಿಗೆ ಡಬ್ಬಿ ಖಾಲಿ.

ನಮ್ಮ ಮೆಗಾ ಧಾರಾವಾಹಿಗಳಿಗೆ ಈ ತೊಂದರೆ ಇರಲಿಲ್ಲ. ಅವು ಒಮ್ಮೆ ಹೊರಟರೆ ಹೊರಟವೇ. ಈಟೀವಿಯಲ್ಲಿ ‘ಪಾಪ ಪಾಂಡು’ ದಿನಾ ಶ್ರೀಮತಿಯ ಕೈಗೆ ಸಿಕ್ಕಿ ಒದ್ದಾಡುತ್ತಿದ್ದ, ಮಾರನೆಯ ದಿನ ಮತ್ತೆ ಸಿಗುತ್ತಿದ್ದ. ‘ಸಿಲ್ಲಿ ಲಲ್ಲಿ’ಯ ಆಸ್ಪತ್ರೆಗೂ ಬಾಗಿಲು ಹಾಕುವ ಯೋಚನೆ ಇದ್ದಂತೆ ಕಾಣಲಿಲ್ಲ. ಅದಕ್ಕೂ ಮುಂಚೆ ದೂರದರ್ಶನದ ‘ಸಿಹಿಕಹಿ’ಯಲ್ಲಿ ಒಟ್ಟಿಗೆ ನಟಿಸಿದ ಚಂದ್ರು, ಗೀತಾ ಇಬ್ಬರೂ ಧಾರಾವಾಹಿಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು, ನಿಜವಾಗಿ ಮದುವೆಯನ್ನೂ ಆಗಿ, ಕಥೆಯನ್ನು ದಡ ಸೇರಿಸಿದವರು. ಅಮೆರಿಕದವರು ಹುಡುಗಿಯನ್ನು ಏರ್‌ಪೋರ್ಟಿನಲ್ಲಿ ನಿಲ್ಲಿಸಿ ರಜಾ ಹಾಕಿ ಹೋಗಿದ್ದರು.

ಸಿದ್ಧಾಂತ ಹುಟ್ಟಿದ್ದು ಆಗ. “ಎರಡನೇದು, ಮೂರನೇದು ಎಲ್ಲಾ ದುಡ್ಡಿಗೋಸ್ಕರ ಮಾಡಿರೋದು ಸಾರ್. ಏನಿದ್ರೂ ಫಸ್ಟ್ ಸೀಸನ್.” ಮುಂದೆ ಇದು ಹಬ್ಬಿತು. 2018ರಲ್ಲಿ ಪಾಪ ಪಾಂಡು ಮತ್ತೆ ಬಂದಾಗ ಅವರು ಟೀವಿಗೆ ಬೆನ್ನು ಹಾಕಿ ಕೂತರು. ಹೋಟೆಲಿನಲ್ಲಿ ಎರಡನೇ ಸಲ ಹಾಕಿಸಿಕೊಂಡ ಸಾಂಬಾರ್ ಬಗ್ಗೆಯೂ ಇದೇ ಮಾತು.

ಇಷ್ಟಾದರೂ ಜನ ಬಿಡಬೇಕಲ್ಲ. ಮದುವೆಮನೆ, ಮೌಲ್ಯಮಾಪನ ಕೇಂದ್ರ, ಬಸ್‌ಸ್ಟ್ಯಾಂಡು, ಸಿಕ್ಕಲ್ಲೆಲ್ಲ ಹಳೇ ಸಹೋದ್ಯೋಗಿಗಳು ಕೇಳುತ್ತಾರೆ: “ಮೇಷ್ಟ್ರೇ, ಆ ಹುಡುಗಿ ಏನಾದಳು?” ಗೊತ್ತಿಲ್ಲ ಅನ್ನುವುದು ಮೂವತ್ತು ವರ್ಷ ಪಾಠ ಮಾಡಿದ ಬಾಯಿಗೆ ಬರುವ ಮಾತಲ್ಲ. ಕೊರಟಗೆರೆಯಲ್ಲಿ ಕೇಳಿದವರಿಗೆ, ರೇಚಲ್ ಒಂಬತ್ತು ಶುಕ್ರವಾರ ವ್ರತ ಹಿಡಿದಳು, ಅವನು ತಾನೇ ಮನಸ್ಸು ತಿರುಗಿ ಬಂದ ಅಂದರು. ಗೊರವನಹಳ್ಳಿ ಮಹಾಲಕ್ಷ್ಮಿಯ ನೆರೆಯವರಿಗೆ ಅದು ಸಹಜವಾಗಿಯೇ ಕಂಡಿತು. ಶಿರಾದ ಲಾರಿ ಮಾಲೀಕರೊಬ್ಬರಿಗೆ, ಅವನು ಮೂಳೆ ವ್ಯವಹಾರದಲ್ಲಿ ಕೈ ಸುಟ್ಟುಕೊಂಡಾಗ ಇವಳು ಒಡವೆ ಅಡವಿಟ್ಟು ಬಿಡಿಸಿದಳು ಎಂದಾಯಿತು. ಪಾವಗಡ ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡ ತಾಲ್ಲೂಕು, ತೆಲುಗು ಸಿನಿಮಾದಲ್ಲಿ ನುರಿತ ಜನ. ಅವರಿಗಾಗಿ ಏರ್‌ಪೋರ್ಟಿನಲ್ಲೇ ಹೊಡೆದಾಟ ಇಡಬೇಕಾಯಿತು, ಎರಡು ಸುಮೋ ಗಾಳಿಗೆ ಹಾರಿದವು. ಮಧುಗಿರಿಯಲ್ಲಿ ಮಾತ್ರ ಕಥೆ ಇನ್ನೂ ನಿಂತಿದೆ, ಯಾಕೆಂದರೆ ಇಲ್ಲಿನವರು ದಿನಾ ಸಿಗುತ್ತಾರೆ; ಹೇಳಿದ್ದನ್ನು ನೆನಪಿಟ್ಟುಕೊಂಡುಬಿಡುತ್ತಾರೆ.

ಮೊನ್ನೆ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗಿ, “ತಾತ, ಹತ್ತು ಸೀಸನ್ನೂ ಫೋನಲ್ಲೇ ಇದೆ, ಹಾಕ್ಲಾ?” ಅಂತ ಬಂದಳು. 1994ರಿಂದ 2004ರವರೆಗೆ ನಡೆದ ಕಥೆಯೆಲ್ಲ ಅವಳ ಅಂಗೈಯಲ್ಲಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಕಣ್ಣಿನ ಡಾಕ್ಟ್ರು ಚಿಕ್ಕ ಸ್ಕ್ರೀನು ಬೇಡ ಅಂದಿದಾರೆ ಮಗೂ” ಅಂದು ಬೆಟ್ಟ ನೋಡುತ್ತಾ ಕೂತರು.

ನಾನು ಕಾಫಿ ಲೋಟ ಇಡಲು ಒಳಗೆ ಹೋದೆ. ಅಮ್ಮಾವ್ರು ದನಿ ತಗ್ಗಿಸಿ, “ಆ ಹುಡುಗಿ ನಂಗೆ ಮಧ್ಯಾಹ್ನದ ಹೊತ್ತು ಎಲ್ಲಾ ತೋರಿಸಿದಾಳೆ ಕಣಪ್ಪ. ಕೊನೇಲಿ ರೇಚಲ್ ವಿಮಾನದಿಂದ ಇಳಿದು ಬಂದುಬಿಡ್ತಾಳೆ. ಇವರ ಕಿವಿಗೆ ಹಾಕಬೇಡ. ಪಾವಗಡದ ಬೀಗರು ಮುಂದಿನ ವಾರ ಬರ್ತಾರಂತೆ, ರಾತ್ರಿಯೆಲ್ಲಾ ಕೂತು ಇನ್ನೊಂದು ಫೈಟು ಸೇರಿಸ್ತಾ ಇದಾರೆ” ಅಂದರು.