ಷರತ್ತುಗಳು ಅನ್ವಯಿಸುವ ಸಮುದ್ರ

ಸಮುದ್ರಕ್ಕೆ ಹೋಗೋಣವೇ ಎಂದರೆ ನಮ್ಮ ಮನೆಯಲ್ಲಿ ಬೇಡ ಅನ್ನುವವರು ಯಾರೂ ಇಲ್ಲ. ದಾವಣಗೆರೆಯವರು ನಾವು. ನೀರೆಂದರೆ ಭದ್ರಾ ನಾಲೆ, ತಪ್ಪಿದರೆ ಕುಂದವಾಡ ಕೆರೆ. ಹಾಗಾಗಿ ಸಮುದ್ರದ ಹೆಸರೆತ್ತಿದ ಕೂಡಲೇ ಮೊಣಕಾಲು ನೋವಿನವರು, ಪರೀಕ್ಷೆ ಹತ್ತಿರವಿರುವವರು, ರಜೆ ಸಿಗದವರು ಎಲ್ಲರೂ ಕೈ ಎತ್ತುತ್ತಾರೆ. ತಕರಾರು ಶುರುವಾಗುವುದು ಯಾವ ಸಮುದ್ರ ಎಂಬ ಮುಂದಿನ ಪ್ರಶ್ನೆಗೆ. ಪಶ್ಚಿಮಕ್ಕೆ ಇರುವುದೊಂದೇ ಅರಬ್ಬೀ ಸಮುದ್ರ, ಎಲ್ಲಿ ಇಳಿದರೂ ಅದೇ ಉಪ್ಪು, ಅದೇ ತೆರೆ ಎಂದು ಹೇಳಿನೋಡಿದೆ. ಕಾರು ಓಡಿಸುವವನಿಗೆ ಅಭಿಪ್ರಾಯ ಇರಕೂಡದು ಎಂದು ಸಭೆ ತೀರ್ಮಾನಿಸಿತು.

ಕಾರವಾರದಿಂದ ಉಳ್ಳಾಲದ ತನಕ ನಮ್ಮ ರಾಜ್ಯಕ್ಕೇ 300 ಕಿಲೋಮೀಟರಿಗೂ ಮಿಕ್ಕ ಕರಾವಳಿ ಇದೆ. ಅಷ್ಟುದ್ದದ ದಡದಲ್ಲಿ ಒಂದು ಸಂಸಾರ ಕೂರುವಷ್ಟು ಜಾಗ ಹುಡುಕುವುದು ಇಷ್ಟು ಕಷ್ಟವಾಗಬಾರದಿತ್ತು.

ಅಮ್ಮನದು ಎರಡೇ ಷರತ್ತು. ದೇವಸ್ಥಾನ ಹತ್ತಿರ ಇರಬೇಕು. ಶೌಚಾಲಯ ಅದಕ್ಕಿಂತ ಹತ್ತಿರ ಇರಬೇಕು. ಮೊದಲನೆಯದಕ್ಕೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಸಮುದ್ರ. ಮುರುಡೇಶ್ವರದಲ್ಲಂತೂ ಮೂರು ಕಡೆ ನೀರು, 123 ಅಡಿ ಎತ್ತರದ ಶಿವ, 20 ಅಂತಸ್ತಿನ ರಾಜಗೋಪುರ, ಗೋಪುರಕ್ಕೆ ಲಿಫ್ಟು ಬೇರೆ. ಎರಡನೆಯ ಷರತ್ತಿನ ವಿಚಾರದಲ್ಲಿ ಮಾತ್ರ ಅಮ್ಮ ಯಾರ ಮಾತನ್ನೂ ನಂಬುವುದಿಲ್ಲ. ಯಾರು ಯಾವ ಬೀಚಿಗೆ ಹೋಗಿಬಂದು ಅಲ್ಲಿನ ಸೂರ್ಯಾಸ್ತವನ್ನು ವರ್ಣಿಸುತ್ತಿದ್ದರೂ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ, “ಅದಿರ್ಲಿ, ಬಾತ್‌ರೂಮು ಹೆಂಗೈತಿ?” ಎನ್ನುತ್ತಾಳೆ. ವರ್ಣಿಸುತ್ತಿದ್ದವರ ಮುಖದಲ್ಲೇ ಉತ್ತರ ಸಿಗುತ್ತದೆ.

ನೀರಿಗಿಳಿಯುವುದಕ್ಕೂ ಅಮ್ಮನ ಹತ್ತಿರ ಶಾಸ್ತ್ರವಿದೆ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರ ಸ್ನಾನ ಮಾಡಬಾರದು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬಂದು ಉಬ್ಬರ ಹೆಚ್ಚಾಗುವುದೂ ಆ ದಿನಗಳ ಆಸುಪಾಸಿನಲ್ಲೇ. ಅಂದರೆ ಸಮುದ್ರ ತೆಪ್ಪಗಿರುವಾಗ ಮುಳುಗಿದರೆ ಪಾಪ, ಉಕ್ಕಿ ಮೇಲೆ ಬರುವಾಗ ಮುಳುಗಿದರೆ ಪುಣ್ಯ. ಪುಣ್ಯಲೋಕಕ್ಕೆ ಇಷ್ಟು ನೇರ ಹಾದಿ ತೋರಿಸಿದ ಹಿರಿಯರ ಮುಂದಾಲೋಚನೆಗೆ ನಾನು ತಲೆಬಾಗುತ್ತೇನೆ.

ದೊಡ್ಡಪ್ಪನಿಗೆ ಬೇಕಾದದ್ದು ಸೂರ್ಯೋದಯ. ಹಿಂದೊಮ್ಮೆ ಮಲ್ಪೆಗೆ ಹೋದಾಗ ನಸುಕಿನ ಐದಕ್ಕೇ ಎದ್ದು, ಮಫ್ಲರ್ ಸುತ್ತಿಕೊಂಡು, ಮಲಗಿದ್ದವರನ್ನೆಲ್ಲ ಬಡಿದೆಬ್ಬಿಸಿ ದಡದಲ್ಲಿ ಸಾಲಾಗಿ ನಿಲ್ಲಿಸಿದರು. ಸಮುದ್ರದ ಕಡೆ ಮುಖ ಮಾಡಿ ಬಹಳ ಹೊತ್ತು ಕಾದೆವು. ಬೆಳಕು ಹರಿಯಿತು, ದೋಣಿಗಳು ಕಂಡವು, ನಾಯಿಗಳು ಬಂದು ನಮ್ಮನ್ನು ಮೂಸಿ ಹೋದವು. ಸೂರ್ಯ ಮಾತ್ರ ಬರಲೊಲ್ಲ. ಕೊನೆಗೆ ಬೆನ್ನು ಬೆಚ್ಚಗಾದಾಗ ತಿರುಗಿ ನೋಡಿದರೆ, ನಮ್ಮ ಲಾಡ್ಜಿನ ತಾರಸಿಯ ಮೇಲಿದ್ದ ಸಿಂಟೆಕ್ಸ್ ಟ್ಯಾಂಕಿನ ಹಿಂದಿನಿಂದ ಭಾಸ್ಕರ ಉದಯಿಸುತ್ತಿದ್ದ. ಪಡುವಣ ಕರಾವಳಿಯಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ, ಸಮುದ್ರದಿಂದ ಏಳುವುದಿಲ್ಲ ಎಂಬುದನ್ನು ನಿವೃತ್ತ ಭೂಗೋಳದ ಮೇಷ್ಟ್ರಿಗೆ ಯಾರು ಹೇಳಬೇಕು? ಅಂದಿನಿಂದ ದೊಡ್ಡಪ್ಪನ ಮತ ಪೂರ್ವ ಕರಾವಳಿಗೆ: ಪುರಿ, ರಾಮೇಶ್ವರ, ಇಲ್ಲವೇ ಎರಡೂ ಸಿಗುವ ಕನ್ಯಾಕುಮಾರಿ. ದೂರ ಎಷ್ಟು ಎಂದು ಕೇಳಿದರೆ ಭೂಪಟದ ಮೇಲೆ ಗೇಣು ಹಾಕಿ ತೋರಿಸುತ್ತಾರೆ. ಗೇಣಿನ ಲೆಕ್ಕದಲ್ಲಿ ಎಲ್ಲವೂ ಹತ್ತಿರವೇ.

ಮಗಳಿಗೆ ಬೇಕಾಗಿದ್ದು ಮಾಲ್ಡೀವ್ಸ್. ನೀಲಿ ನೀರು, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆ, ಮಂಚದ ಕೆಳಗೇ ಗಾಜು, ಗಾಜಿನ ಕೆಳಗೆ ಮೀನು. ಅಲ್ಲಿ ಸುಮಾರು 1,200 ದ್ವೀಪಗಳಿವೆ, ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ಎಂದು ಅವಳು ವಿವರಿಸಿದಾಗ ನನಗೆ ಮೊದಲು ಹೊಳೆದದ್ದು ಖರ್ಚಲ್ಲ. ನಮ್ಮ ಸಂಸಾರವನ್ನು ಒಂದೇ ದ್ವೀಪದಲ್ಲಿ ಇಳಿಸಿದರೆ, ಎರಡನೆಯ ದಿನ ಅಮ್ಮನಿಗೂ ದೊಡ್ಡಪ್ಪನಿಗೂ ಮಾತಿಗೆ ಮಾತು ಬೆಳೆದಾಗ ಸಿಟ್ಟು ಮಾಡಿಕೊಂಡು ಎದ್ದುಹೋಗಲು ಜಾಗ ಬೇಡವೇ? 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೊ ಬಂದದ್ದೇ ಮಗಳು ಪಕ್ಷಾಂತರ ಮಾಡಿದಳು. ಅಲ್ಲಿಗೆ ಹೋಗಲು ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಹತ್ತಬೇಕು ಅಥವಾ ಅಗತ್ತಿಗೆ ವಿಮಾನ ಹಿಡಿಯಬೇಕು. ಅಲ್ಲಿನ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದು ದೊಡ್ಡಪ್ಪ ಇದ್ದಕ್ಕಿದ್ದಂತೆ ಘೋಷಿಸಿದರು. ಜಿಲ್ಲೆ ಬಿಟ್ಟುಕೊಡದೇ ಇದ್ದಿದ್ದರೆ ನಾವೀಗ ಮಂಗಳೂರಿನಿಂದ ಕೆಂಪು ಬಸ್ಸಿನಲ್ಲಿ ಹೋಗಬಹುದಿತ್ತು ಎಂಬಷ್ಟು ದುಃಖ ಅವರ ದನಿಯಲ್ಲಿತ್ತು.

ತಂಗಿಯ ಗಂಡನದು ಗೋವಾ. ಹಳೇ ಗೋವಾದ ಚರ್ಚುಗಳ ವಾಸ್ತುಶಿಲ್ಪ ನೋಡಬೇಕಂತೆ. ಚರ್ಚು ನೋಡಲು ಎಷ್ಟು ಹೊತ್ತು ಬೇಕು ಎಂದು ತಂಗಿ ಕೇಳಿದಳು. ಅರ್ಧ ಗಂಟೆ ಸಾಕು ಎಂದ. ಮಿಕ್ಕ ಮೂರು ದಿನದ ಬಗ್ಗೆ ಇಬ್ಬರೂ ಒಳಕೋಣೆಗೆ ಹೋಗಿ ಮಾತಾಡಿ ಬಂದರು. ಅಲ್ಲಿಗೆ ಗೋವಾ ಬಿದ್ದುಹೋಯಿತು.

ಅಭಿಪ್ರಾಯ ಇರಕೂಡದಿದ್ದರೂ ನನ್ನದೊಂದು ಗುಟ್ಟಿನ ಪಕ್ಷವಿತ್ತು: ಕಾರವಾರ. ರವೀಂದ್ರನಾಥ ಠಾಕೂರರು 1883ರಲ್ಲಿ, ಇನ್ನೂ 22ರ ಹರೆಯದಲ್ಲಿ ಅಲ್ಲಿಗೆ ಬಂದು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಆ ದಡಕ್ಕೆ ಈಗ ಅವರದೇ ಹೆಸರು. ಅದೇ ಮರಳಿನಲ್ಲಿ ಕೂತರೆ ನನ್ನಿಂದಲೂ ಒಂದಿಷ್ಟು ಪುಟ ಹೊರಬಂದೀತು ಎಂಬ ಆಸೆ. ಆದರೆ ವಿಚಾರ ಮಾಡಿದರೆ, ರವೀಂದ್ರರಿಗೆ ಬೀಚು ಆರಿಸುವ ತಾಪತ್ರಯವೇ ಇರಲಿಲ್ಲ. ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಅಣ್ಣನಿಗೆ ಎಲ್ಲಿಗೆ ವರ್ಗವೋ ತಮ್ಮನಿಗೆ ಅಲ್ಲಿಯ ಸಮುದ್ರ. ರೂಮಿನ ಬಾಡಿಗೆ ಹೋಲಿಸುವ ಕೆಲಸ ಇರದಿದ್ದರೆ ನಾಟಕ ಬರೆಯಲು ಪುರುಸೊತ್ತು ಸಿಕ್ಕೇ ಸಿಗುತ್ತದೆ. ನನ್ನ ಅಣ್ಣ ಬಳ್ಳಾರಿಯಲ್ಲಿದ್ದಾನೆ.

ಇಷ್ಟು ಹೊತ್ತೂ ಬಾಯಿ ಬಿಡದೆ ಹೂವು ಕಟ್ಟುತ್ತ ಕೂತಿದ್ದವಳು ನನ್ನ ಹೆಂಡತಿ. ಅವಳು ಹೊನ್ನಾವರದ ಕಡೆಯವಳು. ದುಡ್ಡು ಕೊಟ್ಟು ಸಮುದ್ರ ನೋಡಲು ಹೋಗುವವರನ್ನು ಕಂಡರೆ ಅವಳಿಗೆ ಕೋಪ ಬರುವುದಿಲ್ಲ, ಕನಿಕರ ಬರುತ್ತದೆ. ಅವಳ ತವರಲ್ಲಿ ಸಮುದ್ರವೆಂದರೆ ಬೀಗಕ್ಕೆ ತುಕ್ಕು ಹಿಡಿಸುವುದು, ಹಪ್ಪಳ ಮೆತ್ತಗಾಗಿಸುವುದು, ಉಪ್ಪಿನ ಭರಣಿಯಲ್ಲಿ ನೀರು ತರಿಸುವುದು, ಮಳೆಗಾಲದ ರಾತ್ರಿಯೆಲ್ಲ ಮೊರೆದು ನಿದ್ದೆ ಕೆಡಿಸುವುದು. “ನಾವು ಸಮುದ್ರಕ್ಕೆ ಹೋಗ್ತಿದ್ದದ್ದು ಗ್ರಹಣದ ಸ್ನಾನಕ್ಕೆ, ಇಲ್ಲಾಂದ್ರೆ ಅಸ್ಥಿ ಬಿಡೋದಕ್ಕೆ,” ಎಂದಳು. “ನೀವು ಅಲ್ಲಿ ಐಸ್‌ಕ್ರೀಂ ತಿನ್ನೋಕೆ ಹೋಗ್ತೀರಿ.” ಸಮುದ್ರದ ಸದ್ದು ಕೇಳಿಸದಂಥ ರೂಮು ಸಿಗುವ ಬೀಚು ಯಾವುದಾದರೂ ಸರಿ ಎಂಬುದು ಅವಳ ಷರತ್ತು.

ಅವಳ ಸೋದರಮಾವ ಇನ್ನೂ ಒಂದು ಕೈ ಮೇಲೆ. ಹೊನ್ನಾವರದಿಂದ ಒಳಗೆ ಅಡಿಕೆ ತೋಟ. ಪಶ್ಚಿಮಕ್ಕೆ ಸ್ಕೂಟರು ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸಮುದ್ರ. ಅವರು ತಿರುಗಿಸುವುದೇ ಇಲ್ಲ. ನಾವು ಬೀಚಿಗೆ ಬರುವ ಯೋಚನೆಯಲ್ಲಿದ್ದೇವೆ ಎಂದು ಫೋನಿನಲ್ಲಿ ಹೇಳಿದಾಗ, “ಎಂತ ಇದ್ದು ಅಲ್ಲಿ? ನೀರು, ಹೊಯ್ಗೆ. ಅಷ್ಟೇಯ,” ಎಂದರು. ಆಮೇಲೆ ಅಸಲು ವಿಷಯಕ್ಕೆ ಬಂದರು: “ಮನೆ ಇದ್ದಲ ಇಲ್ಲಿ. ಲಾಡ್ಜ್ ಎಂತಕ್ಕೆ?”

ಈ ಪ್ರಶ್ನೆಗೆ ಹೆದರಿಯೇ ನಾವು ಹೊನ್ನಾವರದ ಹೆಸರನ್ನು ಸಭೆಯಲ್ಲಿ ಎತ್ತಿರಲಿಲ್ಲ. ಮಾವನ ಮನೆಯಲ್ಲಿ ಇಳಿದರೆ ಸಮುದ್ರ ನೋಡುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಬೆಳಿಗ್ಗೆ ತೆಳ್ಳೇವು, ಹತ್ತಕ್ಕೆ ಆಸರಿ, ಮಧ್ಯಾಹ್ನ ಅಪ್ಪೆಹುಳಿಯ ಊಟ, ಊಟದ ಮೇಲೆ ನಿದ್ದೆ. ಎದ್ದು ಮುಖ ತೊಳೆದರೆ ಪಕ್ಕದ ಮನೆಯವರು ಬಂದಿರುತ್ತಾರೆ, ಅವರ ಮನೆಗೂ ಹೋಗದಿದ್ದರೆ ಬೇಜಾರಾಗುತ್ತಾರೆ. ಅಲ್ಲಿ ಮತ್ತೆ ಆಸರಿ, ಜೊತೆಗೆ ತೊಡದೇವು. ಹೀಗೆ ಪಶ್ಚಿಮ ಕರಾವಳಿಯಲ್ಲಿ ನಾಲ್ಕು ದಿನ ಕಳೆದು, ಒಂದು ತೆರೆಯನ್ನೂ ನೋಡದೆ, ತೂಕ ಹೆಚ್ಚಿಸಿಕೊಂಡು ಘಟ್ಟ ಹತ್ತಿದವರು ನಮ್ಮಲ್ಲೇ ಇದ್ದಾರೆ.

ಜಾಗದ ಗೊಂದಲ ಸಾಲದೆಂದು ಕಾಲದ ಗೊಂದಲ. ನವೆಂಬರಿನಿಂದ ಫೆಬ್ರವರಿ ತನಕ ಕಡಲು ಶಾಂತ, ಗಾಳಿ ಹಿತ, ಮಕ್ಕಳಿಗೆ ಶಾಲೆ. ಏಪ್ರಿಲ್, ಮೇ ತಿಂಗಳು ಶಾಲೆಗೆ ರಜೆ, ಆದರೆ ಬೆವರು ಒರೆಸಿದ ಟವೆಲೇ ಬೆವರುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳಿಗೇ ಕಡಲಿಗಿಳಿಯಲು ನಿಷೇಧ. ಹುಟ್ಟಿದಾರಭ್ಯ ಕಡಲಲ್ಲೇ ಇರುವವರು ದೋಣಿ ಎಳೆದು ದಡದಲ್ಲಿ ಕೂತಿರುವಾಗ ದಾವಣಗೆರೆಯವರು ರಬ್ಬರ್ ಟ್ಯೂಬು ಹಿಡಿದು ಹೋಗುವುದು ಶೋಭಿಸದು. ಕೊನೆಗೆ ಸಿಗುವುದು ದಸರಾ ರಜೆ. ಅದು ಇಡೀ ರಾಜ್ಯಕ್ಕೂ ಸಿಗುತ್ತದೆ.

ಇನ್ನು ರೂಮು. ‘ಸೀ ವ್ಯೂ’ ಎಂದು ಬರೆದ ಒಂದು ಹೋಟೆಲಿಗೆ ಹಿಂದೆ ಹೋಗಿದ್ದೆವು. ಅಲ್ಲಿ ಸಮುದ್ರ ಕಾಣುತ್ತಿತ್ತು ನಿಜ: ಬಚ್ಚಲಮನೆಯಲ್ಲಿ ಬಕೆಟ್ಟು ಬೋರಲು ಹಾಕಿ, ಹತ್ತಿ ನಿಂತು, ಗವಾಕ್ಷಿಯಲ್ಲಿ ಕತ್ತು ಎಡಕ್ಕೆ ಹೊರಳಿಸಿದರೆ ಎರಡು ತೆಂಗಿನ ಮರಗಳ ನಡುವೆ ಪಂಚೆಯ ಅಂಚಿನಷ್ಟು ನೀಲಿ. ಸರದಿಯ ಮೇಲೆ ಎಲ್ಲರೂ ನೋಡಿದೆವು. ಮ್ಯಾನೇಜರನ್ನು ಕೇಳಿದರೆ ಆತ ಕಾನೂನು ಹೇಳಿದ. ಕಡಲಿನ ಉಬ್ಬರದ ಗೆರೆಯಿಂದ 500 ಮೀಟರಿನೊಳಗೆ ಕಟ್ಟಡಕ್ಕೆ ಕಡಿವಾಣ ಹಾಕಿದ ಸಿಆರ್‌ಜೆಡ್ ಅಧಿಸೂಚನೆ 1991ರಲ್ಲೇ ಬಂದಿದೆಯಂತೆ. ಬಕೆಟ್ಟಿನ ವಿಚಾರ ಅದರಲ್ಲಿ ಇದ್ದಂತಿಲ್ಲ.

ಈ ಸಲ ಬಿಕ್ಕಟ್ಟು ಬಿಡಿಸಿದ್ದು ಡೆನ್ಮಾರ್ಕ್. ಅಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆಯೊಂದು ಜಗತ್ತಿನ ಬೀಚುಗಳನ್ನು ಪರೀಕ್ಷಿಸಿ ಪಾಸಾದವಕ್ಕೆ ‘ಬ್ಲೂ ಫ್ಲ್ಯಾಗ್’ ಎಂಬ ನೀಲಿ ಬಾವುಟ ಕೊಡುತ್ತದೆ. 2020ರಲ್ಲಿ ಮೊದಲ ಬಾರಿಗೆ ಭಾರತದ ಎಂಟು ಬೀಚುಗಳಿಗೆ ಅದು ಸಿಕ್ಕಿತು, ಅದರಲ್ಲಿ ಕರ್ನಾಟಕದವು ಎರಡು: ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಪಾಸಾಗಬೇಕಾದರೆ 33 ಷರತ್ತು ಎಂದು ಮಗಳು ಫೋನಿನಲ್ಲಿ ಓದತೊಡಗಿದಳು. ನೀರಿನ ಗುಣಮಟ್ಟ, ತ್ಯಾಜ್ಯ ವಿಲೇವಾರಿ, ಜೀವರಕ್ಷಕರು. ಅಮ್ಮ ಆಕಳಿಸುತ್ತಿದ್ದಳು. ಸಾಕಷ್ಟು ಶೌಚಾಲಯ ಇರಬೇಕು, ಅವು ಶುಚಿಯಾಗಿರಬೇಕು ಎಂಬಲ್ಲಿಗೆ ಬಂದಾಗ ನೆಟ್ಟಗೆ ಕೂತಳು. “ನಾನು ಹೇಳ್ತಿದ್ದದ್ದು ಏನು ಮತ್ತೆ?” ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಷ್ಟು ವರ್ಷ ತನ್ನ ಮಾತಿಗೆ ಕಿಲುಬು ಕಾಸಿನ ಬೆಲೆ ಕೊಡದ ಸಂಸಾರದೆದುರು ಯುರೋಪೇ ಬಂದು ಸಾಕ್ಷಿ ನುಡಿದಂತಾಗಿತ್ತು. ಕಾಸರಕೋಡು ಅವಿರೋಧವಾಗಿ ಆಯ್ಕೆಯಾಯಿತು. ಶರಾವತಿ ಸೇತುವೆಯ ಆಚೆ ದಡವೇ ಹೊನ್ನಾವರ, ಅಲ್ಲಿಂದ ಒಳಗೆ ಮಾವ ಇದ್ದಾರೆ ಎಂಬುದು ಗೇರುಸೊಪ್ಪೆಯ ಘಟ್ಟ ಇಳಿಯುವಾಗಲೇ ಎಲ್ಲರಿಗೂ ನೆನಪಾದದ್ದು.

ಗಾಳಿಮರದ ತೋಪು ದಾಟಿ ಇಳಿದಾಗ ಕಡಲು ಇಳಿತದಲ್ಲಿತ್ತು. ಅಮ್ಮ ಸೀದಾ ತಪಾಸಣೆಗೆ ಹೋದಳು. ಹಿಂತಿರುಗಿ ಬಂದು “ಪರವಾಗಿಲ್ಲ” ಎಂದಳು. ಅದು ಅವಳ ನಿಘಂಟಿನಲ್ಲಿರುವ ಅತ್ಯುನ್ನತ ಪ್ರಶಸ್ತಿ. ದೊಡ್ಡಪ್ಪ ಒದ್ದೆ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು. ಅವರ ಮುಂದೆ ಕಿರುಬೆರಳಿನ ಉಗುರಿನಷ್ಟಗಲದ, ಮರಳಿನದೇ ಬಣ್ಣದ ಏಡಿ. ಎರಡೂ ಕೊಂಬಿನಿಂದ ಮರಳನ್ನು ಬಾಯಿಗೆ ತುಂಬಿಕೊಳ್ಳುವುದು, ಅದರೊಳಗಿನ ತಿನಿಸನ್ನು ಸೋಸಿಕೊಂಡು ಉಳಿದದ್ದನ್ನು ಮೆಣಸಿನ ಕಾಳಿನಷ್ಟು ಉಂಡೆ ಮಾಡುವುದು, ಹಿಂದಕ್ಕೆ ತಳ್ಳುವುದು, ಒಂದು ಹೆಜ್ಜೆ ಸರಿಯುವುದು, ಮತ್ತೆ ತುಂಬಿಕೊಳ್ಳುವುದು. ಬಿಲದ ಬಾಯಿಂದ ಎಂಟೂ ದಿಕ್ಕಿಗೆ ಉಂಡೆಗಳ ಸಾಲು. ಸೂರ್ಯ ಸಮುದ್ರಕ್ಕೆ ಇಳಿಯುತ್ತಿದ್ದಾನೆ, ಫೋಟೊಕ್ಕೆ ಬನ್ನಿ ಎಂದು ಮಗಳು ಕೂಗಿದಳು. “ಶ್! ಸದ್ದು ಮಾಡಿದರೆ ಒಳಗೋಗುತ್ತೆ,” ಎಂದರು ದೊಡ್ಡಪ್ಪ. ಸೂರ್ಯನಿಗೆ ಬೆನ್ನು ಹಾಕಿಯೇ ಕೂತಿದ್ದರು.

ಮಾವ ಸ್ಕೂಟರಿನಲ್ಲಿ ಬಂದರು. ಸುದ್ದಿ ಹೇಗೆ ಮುಟ್ಟಿತೋ, ಹೆಂಡತಿ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿ ಬಾಳೆಲೆ ಕಟ್ಟಿದ ದೊಡ್ಡ ಡಬ್ಬಿ. ಬಂದವರೇ ಕಡಲನ್ನೊಮ್ಮೆ ನೋಡಿ, ನೀರಿಗೆ ಹೊರಟಿದ್ದ ತಂಗಿಯ ಗಂಡನನ್ನು ತಡೆದರು. “ಅಲ್ಲಿ ತೆರೆ ಒಡೀತಿಲ್ಲೆ, ಸಪಾಟಾಗಿ ಕಾಣ್ತು ಅಲ್ದ? ಅಲ್ಲಿ ಇಳಿಯಡಿ. ಒಳಗೆ ಎಳೀತು.” ಅವನು ಆರಿಸಿಕೊಂಡಿದ್ದದ್ದು ಸರಿಯಾಗಿ ಅದೇ ಜಾಗ. ವರ್ಷಗಟ್ಟಲೆ ಇತ್ತ ತಲೆ ಹಾಕದ ಮನುಷ್ಯ, ಚಪ್ಪಲಿ ಕೂಡ ಬಿಡದೆ, ದೂರದಿಂದಲೇ ಹೇಳಿದ್ದರು.

ಆಮೇಲೆ ಅವರ ಕಣ್ಣು ಬಾವುಟದ ಮೇಲೆ ಬಿತ್ತು. ಗಾಳಿಮಳೆಯ ಮುನ್ಸೂಚನೆ ಏನಾದರೂ ಇದೆಯೋ ಎಂದು ವಿಚಾರಿಸಿದರು. ಮಗಳು ಡೆನ್ಮಾರ್ಕಿನ ಕಥೆ, 33 ಷರತ್ತು ಎಲ್ಲವನ್ನೂ ಹೇಳಿದಳು.

“ಅವು ಇಲ್ಲಿ ಬಂದು ನೋಡ್ತ್ವಾ?”

“ಬಂದು ತಪಾಸಣೆ ಮಾಡ್ತಾರಂತೆ, ಅಜ್ಜ.”

“ಅವರದ್ದು ಸಮುದ್ರ ಇಲ್ಯಾ?”

“ಇದೆ. ಆದ್ರೆ ತುಂಬಾ ಚಳಿ.”

ಮಾವ ಡಬ್ಬಿಯ ಮುಚ್ಚಳ ತೆಗೆಯುತ್ತ ಸ್ವಲ್ಪ ಯೋಚಿಸಿದರು. “ಮುಂದಿನ ಸಲ ಬಂದ್ರೆ ನಮ್ಮನೇಲೇ ಉಳಿಯಲಿ,” ಎಂದರು. “ಅಷ್ಟು ದೂರದಿಂದ ಬಂದವಕ್ಕೆ ಲಾಡ್ಜ್ ಎಂತಕ್ಕೆ?”